ಏಳನೇ ನಂಬರಿನ ರೈಫಲ್

ನನ್ನ ಹಳೆಯ ಡೈರಿಯೊಂದರ ನಡುವೆ ನಾಲ್ಕು ಮಡಿಕೆ ಹಾಕಿದ ಒಂದು ಕಾಗದವಿದೆ. ಮಡಿಕೆಗಳ ಸಂದಿಯಲ್ಲಿ ಹಳದಿಯಾಗಿ, ಮುಟ್ಟಿದರೆ ಹರಿಯುವಂತಾಗಿದೆ. ಅದರಲ್ಲಿ ಅಕ್ಷರ ಹೆಚ್ಚಿಲ್ಲ. ಮೂಲೆಯಲ್ಲಿ 1986ರ ಡಿಸೆಂಬರ್ ತಿಂಗಳ ಒಂದು ತಾರೀಖು, ನನ್ನ ಸಹಿ, ಕೆಂಪು ಪೆನ್ನಿನಲ್ಲಿ ನಾನೇ ಬರೆದ 'ನಾಪಾಸು' ಎಂಬ ಷರಾ. ನಡುವೆ ಐದು ತೂತುಗಳು. ಸಂಬಳದ ಚೀಟಿ, ಬಡ್ತಿಯ ಆದೇಶ, ಸನ್ಮಾನ ಪತ್ರ ಇವೆಲ್ಲ ಎಲ್ಲಿವೆಯೋ ನನಗೆ ತಿಳಿಯದು. ಈ ಐದು ತೂತಿನ ಕಾಗದವನ್ನು ಮಾತ್ರ ಮನೆ ಬದಲಿಸಿದಾಗಲೆಲ್ಲ ಕೈಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೇನೆ.

ಆಗ ನಾನು ತಾಲ್ಲೂಕು ಊರೊಂದರ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಜೊತೆಗೆ ಎನ್‌ಸಿಸಿ ಅಧಿಕಾರಿ. ನಾಗಪುರದ ಬಳಿಯ ಕಾಮಟಿಗೆ ಹೋಗಿ ಮೂರು ತಿಂಗಳು ತರಬೇತಿ ಮುಗಿಸಿ, ಹೆಗಲ ಮೇಲೆ ನಕ್ಷತ್ರ ಹೊತ್ತು ಬಂದ ಹೊಸದು. ಖಾಕಿ ಹಾಕಿದ ದಿನ ನಾನು ಪಾಠ ಹೇಳುವ ಮೇಷ್ಟ್ರಲ್ಲ, ಲೆಫ್ಟಿನೆಂಟು! ಧ್ವನಿ ಕೂಡ ತಾನಾಗಿಯೇ ಎರಡು ಪಟ್ಟಿ ಏರುತ್ತಿತ್ತು. ಮನೆಯವಳು, "ಈ ಅಂಗಿ ತೆಗೆದ ಮೇಲೆ ಮಾತಾಡೋಣಂತ" ಎಂದು ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು.

ಹುಡುಗರಿಗೆ ಎನ್‌ಸಿಸಿಯ ಮೂರು ಆಕರ್ಷಣೆಗಳು: ಪರೇಡಿನ ಮೇಲೆ ಸಿಗುವ ಉಪಾಹಾರ, ಕ್ಯಾಂಪು, ಮತ್ತು ಬಂದೂಕು. ವರ್ಷಕ್ಕೊಮ್ಮೆ ಬೆಳಗಾವಿಯ ರೇಂಜಿಗೆ ಕರೆದೊಯ್ದು ಐದು ಗುಂಡು ಹೊಡೆಸುತ್ತಿದ್ದೆವು. ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರವಿರುವ ಊರು ಅದು. ಅಲ್ಲಿಯ ಗಾಳಿಗೇ ಒಂದು ಶಿಸ್ತು. ಕೆಂಪು ಬಾವುಟ ಏರಿಸಿ, ಮರಳಿನ ಮೂಟೆ ಜೋಡಿಸಿ, ಚಾಪೆಯ ಮೇಲೆ ಮಲಗಿ 25 ಗಜ ದೂರದ ಕಾಗದಕ್ಕೆ ಗುರಿ. ಆ ಐದು ಗುಂಡಿನ ಸುದ್ದಿಯನ್ನು ಹುಡುಗರು ಮುಂದಿನ ವರ್ಷದವರೆಗೂ ಹೇಳುತ್ತಿದ್ದರು.

ನಮಗೆ ಕೊಡುತ್ತಿದ್ದ ರೈಫಲ್ಲುಗಳ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಅವು ಮೂಲತಃ ಪಾಯಿಂಟ್ ಟೂ ಟೂ ಅಲ್ಲವೇ ಅಲ್ಲ. ಮಹಾಯುದ್ಧಗಳಲ್ಲಿ ಸಿಪಾಯಿಗಳು ಹೊತ್ತ ತ್ರೀ ನಾಟ್ ತ್ರೀ, ಅಂದರೆ ಲೀ-ಎನ್‌ಫೀಲ್ಡ್. ಸೈನ್ಯಕ್ಕೆ ಬೇಡವಾದ ಮೇಲೆ ಅದರ ದೊಡ್ಡ ನಳಿಗೆಯನ್ನು ಕೊರೆದು ಒಳಗೆ ಸಣ್ಣ ನಳಿಗೆಯೊಂದನ್ನು ತೂರಿಸಿ, ಇಲ್ಲವೇ ನಳಿಗೆಯನ್ನೇ ಬದಲಿಸಿ, ಹುಡುಗರ ಕಲಿಕೆಗೆ ಒಗ್ಗಿಸಿದ್ದರು. ಮೈಯೆಲ್ಲ ಹಳೆಯ ಯೋಧನದು, ಗಂಟಲು ಮಾತ್ರ ಹೊಸದು. ಹತ್ತು ಗುಂಡು ಹಿಡಿಯುತ್ತಿದ್ದ ಮ್ಯಾಗಜಿನ್ನಿನ ಡಬ್ಬಿ ಈಗ ಖಾಲಿ. ಹಾರಿದ ಗುಂಡಿನ ಸಿಪ್ಪೆ ಬೀಳಲಿಕ್ಕೆ ಅದೊಂದು ಪಾತ್ರೆ. ನಮ್ಮ ಪಾಲಿಗೆ ಬರುತ್ತಿದ್ದ ಏಳನೇ ನಂಬರಿನ ರೈಫಲ್ಲಿನ ಕೊರಳ ಪಟ್ಟಿಯ ಮೇಲೆ ಕಿರೀಟದ ಮುದ್ರೆ, ಅದರ ಕೆಳಗೆ 1917 ಎಂಬ ಇಸವಿ. ಯಾವ ದೇಶದ ಕಂದಕದಲ್ಲಿ ಯಾರ ಹೆಗಲ ಮೇಲಿತ್ತೋ, ಕಡೆಗೆ ನಮ್ಮ ಬಯಲುಸೀಮೆಯ ಹುಡುಗರ ಕೈಗೆ ಬಂದಿತ್ತು.

ಆ ವರ್ಷದ ಹುಡುಗರಲ್ಲಿ ಒಬ್ಬ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯವ. ಸಾಲಹಳ್ಳಿ ನನ್ನ ತಾಯಿಯ ತವರುಮನೆ. ಹೀಗಾಗಿ ಹುಡುಗನ ಮೇಲೆ ಒಳಗೊಳಗೆ ಒಂದು ಪ್ರೀತಿ, ಅದು ಹೊರಗೆ ಕಾಣಬಾರದೆಂದು ಇನ್ನಷ್ಟು ಬಿಗುವು. ಮಾತು ಕಡಿಮೆ. ಹೊಲದ ಕೆಲಸದಿಂದ ಗಟ್ಟಿಯಾದ ಕೈ. ಚಾಪೆಯ ಮೇಲೆ ಮಲಗಿದರೆ ಕಟ್ಟಿಗೆಯ ಕೊರಡಿನಂತೆ ಅಲುಗಾಡದೆ ಇರುತ್ತಿದ್ದ. ಗ್ರೂಪ್ ಮಟ್ಟದ ಗುರಿ ಸ್ಪರ್ಧೆಗೆ ಕಾಲೇಜಿನ ತಂಡ ಆರಿಸುವಾಗ ಮೊದಲನೆಯ ಹೆಸರು ಅವನದೇ ಎಂದು ನಮ್ಮ ಹವಾಲ್ದಾರ್ ಉಸ್ತಾದರೂ ಹೇಳಿದ್ದರು.

ಆಯ್ಕೆಯ ದಿನ ಏಳನೇ ನಂಬರು ಅವನಿಗೆ ಬಂತು. ಐದು ಗುಂಡು ಹೊಡೆದ. ಕಾಗದ ಬಿಚ್ಚಿ ತಂದು ನೋಡಿದರೆ ತೂತುಗಳು ಚದುರಿದ್ದವು. ದೂರದ ಎರಡು ತೂತುಗಳ ನಡುವಿನ ಅಂತರ ಸುಮಾರು ಮೂರು ಇಂಚು. ಉಳಿದ ಹುಡುಗರದು ಒಂದೂವರೆ, ಒಂದೂ ಮುಕ್ಕಾಲು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಊರಿನವನೆಂದು ಇಟ್ಟುಕೊಂಡಿದ್ದ ನಂಬಿಕೆಗೆ ಪೆಟ್ಟು ಬಿದ್ದ ಸಿಟ್ಟು ಅದು. ಎಲ್ಲರೆದುರು ಹೇಳಿಬಿಟ್ಟೆ: "ಗುಂಡು ಎಲ್ಲಿ ಹೋಗ್ತದೋ ನಿನಗೇ ಗೊತ್ತಿಲ್ಲ. ಹೊಲಕ್ಕೆ ಹೋಗಿ ಕವಣಿ ಬೀಸು, ಗುಬ್ಬಿಯಾದರೂ ಹಾರ್ತಾವು."

ಹುಡುಗರು ನಕ್ಕರು. ಅವನು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. ಸೆಲ್ಯೂಟ್ ಹೊಡೆದು ಸಾಲಿನ ಕೊನೆಗೆ ಹೋಗಿ ನಿಂತ. ಮುಂದಿನ ಭಾನುವಾರದಿಂದ ಪರೇಡಿಗೆ ಬರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿಗೆ ಸರಿದ. ಜನವರಿ ಮೊದಲ ವಾರ ಸ್ಪರ್ಧೆ ನಡೆಯಿತು. ನಮ್ಮ ತಂಡ ಕೆಳಗಿನಿಂದ ಎರಡನೆಯದು!

* * *

ಆ ವರ್ಷ ಸಂಕ್ರಾಂತಿಗೆ ಸಾಲಹಳ್ಳಿಗೆ ಹೋಗಿದ್ದೆ. ಭೋಗಿಯ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಮುಗಿಸಿ ಮಾವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಪಕ್ಕದ ಮನೆಯ ಅಜ್ಜ ಬಂದರು. ಊರಿಗೆಲ್ಲ ಅವರು 'ಮಿಲ್ಟ್ರಿ ಅಜ್ಜ'. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಇಟಲಿಯನ್ನು ನೋಡಿ ಬಂದು, ಆಮೇಲೆ ಬಹಳ ವರ್ಷ ಆಯುಧಗಳ ಉಗ್ರಾಣದಲ್ಲೇ ಕೆಲಸ ಮಾಡಿದವರು. ಊರಿನ ಒಂದೆರಡು ಲೈಸೆನ್ಸಿನ ಬಂದೂಕುಗಳು ಚುನಾವಣೆ ಬಂದಾಗ ಠಾಣೆಗೆ ಹೋಗಿ ತಿರುಗಿ ಬಂದರೆ, ಅವನ್ನು ಬಿಚ್ಚಿ ಒರೆಸಿ ಕೊಡುವವರೂ ಅವರೇ.

ಮಾತಿಗೆ ಮಾತು ಬಂದು ನಮ್ಮ ಸೋಲಿನ ಕಥೆ ಹೇಳಿದೆ. ಡೈರಿಯಲ್ಲಿದ್ದ ಕಾಗದವನ್ನೂ ತೋರಿಸಿದೆ. ಹುಡುಗ ಅದೇ ಓಣಿಯವನೆಂದು ಹೆಸರು ಹೇಳಲಿಲ್ಲ. ಅಜ್ಜ ಕಾಗದವನ್ನು ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ನೋಡಿ ಅಂದರು:

"ಮಾಸ್ತರ, ಇವು ಐದು ಗುಂಡು ಅಲ್ಲರಿ."

"ಐದೇ ಅಜ್ಜ, ಎಣಿಸಿ ಕೊಟ್ಟದ್ದು ನಾನೇ."

"ಎಣಿಸಾಕ ನಿಮಗ ಬರ್ತೈತಿ, ನೋಡಾಕ ಬರೂದಿಲ್ಲ. ಇವು ಮೂರು, ಮತ್ತ ಎರಡು."

ಬೆರಳಿಟ್ಟು ತೋರಿಸಿದರು. ಆಗ ಕಂಡಿತು. ಬಲಕ್ಕೆ ಕೆಳಗೆ ಮೂರು ತೂತುಗಳು, ಎಂಟಾಣೆಯ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಹತ್ತಿರ. ಎಡಕ್ಕೆ ಮೇಲೆ ಎರಡು, ಒಂದಕ್ಕೊಂದು ತಾಗಿದಂತೆ. ನಡುವೆ ಬರೀ ಬಿಳಿ ಕಾಗದ. ತಿಂಗಳಿಂದ ಡೈರಿಯಲ್ಲಿಟ್ಟುಕೊಂಡು ಓಡಾಡಿದ ನನಗೆ ಕಾಣದ್ದು ಅಜ್ಜನ ಕಣ್ಣಿಗೆ ಒಂದು ನಿಮಿಷದಲ್ಲಿ ಕಂಡಿತ್ತು.

"ಕೈ ನಡುಗಿದ್ರ ಗುಂಡು ಹಂಗ ಎತ್ತರೆತ್ತ ಬೀಳ್ತಾವು. ಹಿಂಗ ಎರಡು ಮನಿ ಮಾಡಿಕೊಂಡು ಕುಂದ್ರೂದಿಲ್ಲ. ಈ ಹುಡುಗ ಐದೂ ಸಲ ಒಂದ ಕಡೆ ಹಿಡದಾನ. ನೀವು ಅವನಿಗೆ ಎರಡು ಥರದ ಕಾಡತೂಸು ಕೊಟ್ಟೀರಿ."

ನನಗೆ ತಟ್ಟನೆ ನೆನಪಾಯಿತು. ಆ ದಿನ ರೇಂಜಿಗೆ ಎರಡು ರಟ್ಟಿನ ಪೆಟ್ಟಿಗೆಗಳು ಬಂದಿದ್ದವು. ಒಂದು ಹಿಂದಿನ ಸಲದ ಉಳಿಕೆ, ಇನ್ನೊಂದು ಹೊಸದು. ಮೇಲಿನ ಲಾಟ್ ನಂಬರು ಬೇರೆ ಬೇರೆ. ಹಂಚಲು ಬೇಗ ಆಗಲೆಂದು ಎರಡನ್ನೂ ಒಂದೇ ತಗಡಿನ ತಟ್ಟೆಗೆ ಸುರಿದು, ಕಾಳು ಎಣಿಸಿದಂತೆ ಐದೈದು ಎತ್ತಿಕೊಟ್ಟವನು ನಾನೇ. ಲೆಕ್ಕ ಸರಿಯಾಗಿತ್ತು, ಖಾಲಿ ಸಿಪ್ಪೆಗಳ ಲೆಕ್ಕವೂ ಸರಿಯಾಗಿತ್ತು. ಕಾಗದದ ಮೇಲೆ ಎಲ್ಲ ಸರಿ.

"ಆದರೆ ಅಜ್ಜ, ಬೇರೆ ಹುಡುಗರಿಗೂ ಅದೇ ತಟ್ಟೆಯಿಂದಲೇ ಕೊಟ್ಟದ್ದು. ಅವರ ಗುಂಡು ಚದುರಲಿಲ್ಲವಲ್ಲ?"

ಅಜ್ಜ ನಕ್ಕರು. "ಎರಿ ಹೊಲದಾಗ ಮಾಲದಂಡಿ ಬಿತ್ತಿದ್ರ ಬೆಳಿ ಎದ್ದು ನಿಂದರ್ತೈತಿ. ಅದ ಬೀಜ ಮಸಾರಿ ಹೊಲದಾಗ ಚೆಲ್ಲಿ, ಬೀಜ ಸರಿ ಇಲ್ಲ ಅಂದ್ರ ಹೆಂಗ? ಒಂದೊಂದು ಬಂದೂಕಿಗೆ ಒಂದೊಂದು ಕಾಡತೂಸು ಒಗ್ಗತೈತಿ. ಹಳೇದಾದಷ್ಟೂ ಅದರ ಹಟ ಜಾಸ್ತಿ. ಮನ್ಯಾಗಿನ ಮುದುಕರಂಗ."

* * *

ಅಂದು ಸಂಜೆಯವರೆಗೆ ಅಜ್ಜ ಹೇಳಿದ್ದನ್ನು, ಆಮೇಲೆ ನಾನು ಓದಿ ಖಾತ್ರಿ ಮಾಡಿಕೊಂಡದ್ದನ್ನು ಕೂಡಿಸಿ ಇಲ್ಲಿ ಹೇಳುತ್ತೇನೆ. ಬಂದೂಕಿನ ಗೊಡವೆ ಇಲ್ಲದವರಿಗೂ ಇದರಲ್ಲಿ ರುಚಿ ಇದೆ.

ಬಂದೂಕು, ಕಾಡತೂಸು ನಮ್ಮ ಭಾಗಕ್ಕೆ ಹೊಸ ಮಾತುಗಳಲ್ಲ. ನಮ್ಮ ನೆರೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ತಮ್ಮ ಆಯುಧ ಒಪ್ಪಿಸುವುದಿಲ್ಲವೆಂದು ಕಂಪನಿ ಸರಕಾರದೆದುರು ನಿಂತು ಪ್ರಾಣ ಕೊಟ್ಟದ್ದು ಲಾವಣಿಯಾಗಿ ಜನರ ಬಾಯಲ್ಲಿ ಉಳಿದಿದೆ. ಅದೇ ವರ್ಷ ಉತ್ತರದಲ್ಲಿ ಸಿಪಾಯಿಗಳನ್ನು ಕೆರಳಿಸಿದ್ದು ಕೊಬ್ಬು ಸವರಿದ ಕಾಡತೂಸು. ಧರ್ಮದ ಮಾತು ಎಲ್ಲರಿಗೂ ಗೊತ್ತು. ಕೊಬ್ಬು ಯಾಕೆ ಬೇಕಾಗಿತ್ತು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಹೊಸ ಎನ್‌ಫೀಲ್ಡ್ ಬಂದೂಕಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು. ಗುಂಡು ಆ ಗೀರು ಹಿಡಿದು ತಿರುಗುತ್ತ ಹೋದರೆ ಮಾತ್ರ ನೇರ ಹೋಗುತ್ತದೆ. ಆದರೆ ಬಾಯಿಯ ಕಡೆಯಿಂದ ತುಂಬುವಾಗ ಅದು ಸಲೀಸಾಗಿ ಜಾರಬೇಕು. ತುಂಬುವಾಗ ಸಡಿಲ, ಹಾರುವಾಗ ಬಿಗಿ! ಅದಕ್ಕೇ ನಳಿಗೆಗಿಂತ ತುಸು ಸಣ್ಣ ಗುಂಡು ಮಾಡಿ, ಕೊಬ್ಬು ಸವರಿದ ಕಾಗದ ಸುತ್ತಿ, ಸಿಡಿದಾಗ ಅದರ ಬುಡ ಅರಳಿ ಗೀರು ಕಚ್ಚುವಂತೆ ಮಾಡಿದ್ದರು. ನಳಿಗೆಗೂ ಗುಂಡಿಗೂ ಹೊಂದಿಸುವ ಈ ಸಣ್ಣ ಲೆಕ್ಕದ ಸುತ್ತ ಎಂಥ ದೊಡ್ಡ ಇತಿಹಾಸ ಬೆಳೆಯಿತು ನೋಡಿ.

ತ್ರೀ ನಾಟ್ ತ್ರೀ ಬಂದದ್ದು ಅದಾದ ಮೂರು ದಶಕಗಳ ಮೇಲೆ. ಮೊದಮೊದಲು ಅದರ ಗುಂಡಿನ ಮೂತಿ ದುಂಡಗೆ, ತೂಕ 215 ಗ್ರೇನ್, ಅಂದರೆ ಸುಮಾರು 14 ಗ್ರಾಂ. 1910ರಲ್ಲಿ ಚೂಪು ಮೂತಿಯ ಹಗುರ ಗುಂಡು ಬಂತು: 174 ಗ್ರೇನ್, ಹನ್ನೊಂದು ಗ್ರಾಮಿನ ಮೇಲೆ ಸ್ವಲ್ಪ. ಅದಕ್ಕೆ ವೇಗ ಹೆಚ್ಚು, ಸೆಕೆಂಡಿಗೆ 2,440 ಅಡಿ. ಗುಂಡು ಬದಲಾದರೆ ಅದು ಬೀಳುವ ಜಾಗವೂ ಬದಲಾಯಿತು; ಹಳೆಯ ಬಂದೂಕಿನ ಗುರಿಪಟ್ಟಿಯ ಮೇಲೆ ಬರೆದ ಗಜಗಳೆಲ್ಲ ಸುಳ್ಳಾದವು. 1914ರಲ್ಲಿ ಭಾರತದ ಸಿಪಾಯಿಗಳು ಹಡಗಿನಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳಿದಾಗ ಅವರ ಕೈಯಲ್ಲಿದ್ದದ್ದು ಹಳೆಯ ಗುಂಡಿಗೆ ಹೊಂದಿಸಿದ ರೈಫಲ್ಲು. ಅಲ್ಲಿ ಸಿಗುವುದು ಹೊಸ ಗುಂಡು. ಹೀಗಾಗಿ ಬಂದರಿನಲ್ಲೇ ಅವರ ಬಂದೂಕುಗಳನ್ನು ಹಿಂದಕ್ಕೆ ಪಡೆದು ಬೇರೆ ಕೊಟ್ಟರು. ಕೈಗೆ ಪಳಗಿದ ಬಂದೂಕು ಬಿಟ್ಟು, ಗುರುತಿಲ್ಲದ ಬಂದೂಕು ಹಿಡಿದು, ಆ ಚಳಿಯ ನಾಡಿನಲ್ಲಿ ಯುದ್ಧಕ್ಕೆ ಹೋದ ಆ ಜನರನ್ನು ನೆನೆದಾಗಲೆಲ್ಲ ನನಗೆ ಹೇಗೋ ಆಗುತ್ತದೆ.

ಅಜ್ಜ ಹೇಳಿದ ಇನ್ನೊಂದು ಸಂಗತಿ ಮೆಷಿನ್‌ಗನ್ನಿನದು. ವಿಕರ್ಸ್ ಮೆಷಿನ್‌ಗನ್ನಿಗೆಂದು ಹಿಂಬದಿ ಸಪೂರಾದ, ದೋಣಿಯ ಬಾಲದಂಥ ಗುಂಡು ಮಾಡಿದ್ದರು. ದೂರ ಹೋಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಾರ್ಡೈಟ್ ಮದ್ದಿನ ಬಿಸಿಗೆ ಗಂಟಲು ಸವೆದ ಹಳೆಯ ರೈಫಲ್ಲಿನಲ್ಲಿ ಅದೇ ಗುಂಡು ಹಿಡಿತ ಸಿಗದೆ ದಾರಿ ತಪ್ಪುತ್ತಿತ್ತು. ಚಪ್ಪಟೆ ಬುಡದ ಸಾಧಾರಣ ಗುಂಡು ಮಾತ್ರ ಸವೆದ ನಳಿಗೆಯಲ್ಲಿಯೂ ಅರಳಿಕೊಂಡು ಗೀರು ಹಿಡಿಯುತ್ತಿತ್ತು. "ಒಳ್ಳೆ ಗುಂಡು, ಕೆಟ್ಟ ಗುಂಡು ಅನ್ನೂದು ಇಲ್ಲರಿ ಮಾಸ್ತರ. ಯಾವ ಬಂದೂಕಿನ ಗುಂಡು ಅಂತ ಕೇಳಬೇಕು" ಅಂದರು. ಸವಕಳಿಗೆ ಮದ್ದೊಂದೇ ಕಾರಣವಲ್ಲ. ಹುರಿಯ ತುದಿಗೆ ಚಿಂದಿ ಕಟ್ಟಿ ನಳಿಗೆಯಲ್ಲಿ ಎಳೆದು ಸ್ವಚ್ಛ ಮಾಡುವಾಗ, ಓರೆಯಾಗಿ ಎಳೆದರೆ ಹುರಿಯೇ ಬಾಯಿಯ ಅಂಚನ್ನು ತಿನ್ನುತ್ತದೆ, ಬಾವಿಯ ಕಟ್ಟೆಯ ಕಲ್ಲನ್ನು ಹಗ್ಗ ತಿಂದಂತೆ. ನಮ್ಮ ಹುಡುಗರು ಏಳನೇ ನಂಬರನ್ನು ಎಷ್ಟು ಸಲ ಹಾಗೆ ಎಳೆದಿದ್ದರೋ.

ಇಂಥ ಬಂದೂಕನ್ನು ಈಗ ಯಾರಾದರೂ ಇಟ್ಟುಕೊಳ್ಳಬಹುದೆ ಎಂದು ಓದುಗರು ಕೇಳಬಹುದು. ನಮ್ಮ ದೇಶದಲ್ಲಿ ತ್ರೀ ನಾಟ್ ತ್ರೀ ಸೈನಿಕರ ಬೋರ್, ಸಾರ್ವಜನಿಕರಿಗೆ ನಿಷಿದ್ಧ. ಅದಕ್ಕೆಂದೇ ಇಛಾಪುರದ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಮೈಕಟ್ಟಿನ ಮೇಲೆ ತ್ರೀ ಒನ್ ಫೈವ್ ಎಂಬ ಬೇರೆ ಅಳತೆಯ ರೈಫಲ್ ಮಾಡಿತು. ಸೈನ್ಯ 1962ರ ಚೀನಾ ಯುದ್ಧದ ನಂತರ ಎಸ್‌ಎಲ್‌ಆರ್ ಕಡೆ ಹೊರಳಿದರೂ ಪೊಲೀಸರ ಹೆಗಲಿನಿಂದ ತ್ರೀ ನಾಟ್ ತ್ರೀ ಬಹುಕಾಲ ಇಳಿಯಲಿಲ್ಲ. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ.

* * *

ಸಾಲಹಳ್ಳಿಯಿಂದ ಹಿಂದಿರುಗಿದವನು ಉಸ್ತಾದರ ಮುಂದೆ ಎಲ್ಲ ಹೇಳಿದೆ. ಅವರು ದೊಡ್ಡ ಮನುಷ್ಯರು, "ನಾನೂ ನೋಡಬೇಕಿತ್ತು ಸಾಬ್" ಎಂದು ಅರ್ಧ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ಅನುಮತಿ ಪಡೆದು, ಅಭ್ಯಾಸದ ಪಾಲಿನಲ್ಲಿ ಉಳಿದಿದ್ದ ಗುಂಡುಗಳಿಂದ ಜನವರಿ ಕೊನೆಯ ವಾರ ಪರೀಕ್ಷೆ ನಡೆಸಿದೆವು. ಮೂರು ರೈಫಲ್ಲು, ಎರಡು ಲಾಟು. ಹೊಡೆಯುವವರು ಉಸ್ತಾದರೊಬ್ಬರೇ, ಮರಳಿನ ಮೂಟೆಯ ಆಸರೆಯ ಮೇಲೆ. ಲಾಟು ಬದಲಿಸಿದಾಗಲೆಲ್ಲ ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅಜ್ಜ ತಾಕೀತು ಮಾಡಿದ್ದರು. ಪಾಯಿಂಟ್ ಟೂ ಟೂ ಗುಂಡು ಬರೀ ಸೀಸ. ಎರಡೂವರೆ ಗ್ರಾಮಿಗೆ ಸ್ವಲ್ಪ ಹೆಚ್ಚು ತೂಕ. ಮೈಗೆ ಮೇಣವೋ ಜಿಡ್ಡೋ ಸವರಿರುತ್ತಾರೆ. ಒಂದು ಬಗೆಯ ಜಿಡ್ಡು ಹಿಡಿದ ನಳಿಗೆ ಇನ್ನೊಂದು ಬಗೆಗೆ ಒಗ್ಗಲು ಕೆಲವು ಗುಂಡು ಬೇಕಾಗುತ್ತವೆ. ನನ್ನ ತಗಡಿನ ತಟ್ಟೆಯಿಂದ ಕಲಸಿ ಕೊಟ್ಟ ಗುಂಡುಗಳಿಗೆ ಆ ಪುರಸೊತ್ತೇ ಸಿಕ್ಕಿರಲಿಲ್ಲ.

ಕಾಗದಗಳನ್ನು ಸಾಲಾಗಿ ಹಾಸಿ ನೋಡಿದೆವು. ಏಳನೇ ನಂಬರು ಹಳೆಯ ಲಾಟಿನ ಐದು ಗುಂಡನ್ನು ಒಂದು ಇಂಚಿಗೆ ತುಸು ಹೆಚ್ಚಿನ ಜಾಗದಲ್ಲಿ ಕೂಡಿಸಿತ್ತು. ಹೊಸ ಲಾಟಿನದು ಎಡಕ್ಕೆ, ಮೇಲಕ್ಕೆ ಸರಿದು ಎರಡು ಇಂಚು ಹರಡಿತ್ತು. ನಾಲ್ಕನೇ ನಂಬರಿನ ರೈಫಲ್ಲು ಇದಕ್ಕೆ ಪೂರಾ ಉಲ್ಟಾ. ಹೊಸ ಲಾಟೆಂದರೆ ಅದಕ್ಕೆ ಬಲು ಇಷ್ಟ. ಒಂಬತ್ತನೆಯದು ಎರಡನ್ನೂ ಒಂದೇ ಜಾಗಕ್ಕೆ ಹಾಕಿತು, ಏನು ಬಡಿಸಿದರೂ ಉಣ್ಣುವ ಅಳಿಯನಂತೆ. ಯಾವ ಲಾಟೂ ಕೆಟ್ಟದ್ದಲ್ಲ. ಯಾವ ರೈಫಲ್ಲೂ ಕೆಟ್ಟದ್ದಲ್ಲ. ಹುಡುಗನಂತೂ ಅಲ್ಲವೇ ಅಲ್ಲ.

ಭೌತಶಾಸ್ತ್ರ ಓದಿದ ನನಗೆ ಕಾರಣ ಹೊಳೆಯದೆ ಇರಲಿಲ್ಲ. ಕುದುರೆ ಎಳೆದ ಕ್ಷಣದಲ್ಲಿ ನಳಿಗೆ ಸುಮ್ಮನಿರುವುದಿಲ್ಲ, ಮೀಟಿದ ತಂತಿಯಂತೆ ಕಂಪಿಸುತ್ತದೆ. ವೇಗದ ಗುಂಡು ಒಂದು ಗಳಿಗೆಯಲ್ಲಿ ಹೊರಬೀಳುತ್ತದೆ, ನಿಧಾನದ್ದು ಇನ್ನೊಂದು ಗಳಿಗೆಯಲ್ಲಿ. ಆ ಎರಡು ಗಳಿಗೆಗಳಲ್ಲಿ ನಳಿಗೆಯ ಬಾಯಿ ನೋಡುತ್ತಿರುವ ದಿಕ್ಕು ಬೇರೆ. ಕಂಪನದ ಪಾಠವನ್ನು ವರ್ಷ ವರ್ಷವೂ ಸೋನೋಮೀಟರ್ ಇಟ್ಟುಕೊಂಡು ಹೇಳುತ್ತಿದ್ದವನು ನಾನೇ. ಪಾಠ ಪ್ರಯೋಗಶಾಲೆಯ ಹೊಸ್ತಿಲು ದಾಟಿ ರೇಂಜಿನವರೆಗೆ ಬಂದಿರಲಿಲ್ಲ, ಅಷ್ಟೆ.

* * *

ಫೆಬ್ರುವರಿಯ ಮೊದಲ ಭಾನುವಾರ ಎರಡು ಕಾಗದ ಹಿಡಿದು ಮತ್ತೆ ಸಾಲಹಳ್ಳಿಗೆ ಹೋದೆ. ಕಾಲೇಜಿನಲ್ಲಿಯೇ ಕರೆದು ಹೇಳಬಹುದಿತ್ತು. ಎಲ್ಲರೆದುರು ಬೈದದ್ದನ್ನು ಮೂಲೆಯಲ್ಲಿ ಕರೆದು ಹಿಂದಕ್ಕೆ ಪಡೆಯುವುದು ಸರಿಯಲ್ಲವೆನಿಸಿತು. ಮನೆಯಲ್ಲಿ ಅವನ ತಾಯಿ, "ಹೊಲದಾಗ ಅದಾನ್ರಿ, ಹಕ್ಕಿ ಕಾಯಾಕ ಹೋಗ್ಯಾನ" ಅಂದರು. ನನ್ನ ಎದೆ ಧಸಕ್ಕೆಂದಿತು. ಕವಣಿ ಬೀಸು ಎಂದಿದ್ದೆನಲ್ಲ!

ಎರಿ ಹೊಲ, ಆಳೆತ್ತರದ ಬಿಳಿಜೋಳ, ತೆನೆಯಲ್ಲಿ ಕಾಳು ಗಟ್ಟಿಯಾಗುವ ಹೊತ್ತು. ನಡುವೆ ನಾಲ್ಕು ಕಂಬದ ಅಟ್ಟಣಿಗೆ. ಅದರ ಮೇಲೆ ನಿಂತು ಅವನು ಕವಣಿ ತಿರುಗಿಸುತ್ತಿದ್ದ. ಸುಂಯ್ ಎಂದು ಹೋದದ್ದು ದೂರದ ಬದುವಿನ ಜಾಲಿ ಗಿಡಕ್ಕೆ ನೇರ ಬಡಿದು, ಗಿಳಿಗಳ ಹಿಂಡು ಕಿರುಚುತ್ತ ಎದ್ದಿತು. ಮತ್ತೊಂದು ಬೀಸಿದ. ಅದೇ ಗಿಡ, ಅದೇ ಟೊಂಗೆ. ನನ್ನನ್ನು ನೋಡಿ ಗಡಬಡಿಸಿ ಇಳಿದು ಬಂದ.

ಅಟ್ಟಣಿಗೆಯ ಬುಡದಲ್ಲಿ ಬಿಸಿಲಿಗೆ ಒಣಗಿಸಿಟ್ಟ ಮಣ್ಣಿನ ಉಂಡೆಗಳು ಸಾಲುಸಾಲಾಗಿದ್ದವು. ನಿಂಬೆಹಣ್ಣಿನ ಗಾತ್ರ, ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಯಾಕಪ್ಪ, ಹಳ್ಳದಲ್ಲಿ ಕಲ್ಲು ಸಿಗುವುದಿಲ್ಲವೆ ಎಂದು ಕೇಳಿದೆ.

"ಕಲ್ಲು ಒಂದೊಂದು ಒಂದೊಂದು ತೂಕ ಇರತಾವ್ರಿ ಸರ. ಒಂದು ಅಲ್ಲಿ ಬೀಳ್ತೈತಿ, ಒಂದು ಇಲ್ಲಿ. ಇವನ್ನ ನಾನ ಬಟ್ಟಲದಾಗ ಅಳದು ಮಾಡೇನಿ. ಎಲ್ಲಾ ಒಂದ ತೂಕ ಇದ್ರ ಕೈಗೆ ಲೆಕ್ಕಾ ಸಿಗತೈತಿ."

ನನಗೆ ಮಾತು ಹೊರಡಲಿಲ್ಲ. ಅಜ್ಜನಿಂದ ಕೇಳಿ, ಪುಸ್ತಕ ಓದಿ, ಮೂರು ರೈಫಲ್ಲು ಹೊಡೆಸಿ ನಾನು ಕಲಿತದ್ದು ಈ ಹುಡುಗನಿಗೆ ಕವಣಿ ಹಿಡಿದ ವಯಸ್ಸಿನಿಂದಲೇ ಗೊತ್ತಿತ್ತು. ಕಾಗದಗಳನ್ನು ಬಿಚ್ಚಿ ಕೊಟ್ಟೆ. ತಟ್ಟೆಯ ಕಥೆ ಹೇಳಿದೆ. ತಪ್ಪು ನನ್ನದು ಎಂದೆ. ಖಾಕಿ ಇಲ್ಲದ ದಿನವಾದ್ದರಿಂದ ಆ ಮಾತು ಸ್ವಲ್ಪ ಸುಲಭವಾಗಿ ಬಂತೇನೋ.

ಅವನು ಕಾಗದವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಅಂದ: "ಅವತ್ತ ಹೇಳಬೇಕಂತ ಮಾಡಿದ್ನಿರಿ ಸರ. ಎರಡು ಗುಂಡಿನ ಸಪ್ಪಳಾನ ಬ್ಯಾರೆ ಇತ್ತು. ಮೂರು 'ಟಪ್' ಅಂದ್ವು, ಎರಡು 'ಚಟ್' ಅಂದ್ವು."

ಶಬ್ದದ ವೇಗವನ್ನು ದಾಟಿದ ಗುಂಡು ಗಾಳಿಯಲ್ಲಿ ಚಾಟಿ ಬೀಸಿದಂತೆ ಚಟ್ಟೆನ್ನುತ್ತದೆ. ದಾಟದ್ದು ಮಂದವಾಗಿ ಟಪ್ಪೆನ್ನುತ್ತದೆ. ಪಾಯಿಂಟ್ ಟೂ ಟೂ ಗುಂಡಿನ ವೇಗ ಆ ಗಡಿಯ ಅತ್ತಿತ್ತಲೇ ಇರುತ್ತದೆ. ಎರಡು ಲಾಟುಗಳ ಅಷ್ಟೂ ವ್ಯತ್ಯಾಸವನ್ನು ಅವನ ಕಿವಿ ಅಲ್ಲಿಯೇ ಹಿಡಿದಿತ್ತು.

"ಹಾಗಾದರೆ ಯಾಕೋ ಹೇಳಲಿಲ್ಲ?" ಅಂದೆ.

"ರೇಂಜಿನ್ಯಾಗ ಯಾರೂ ಮಾತಾಡಬಾರದು ಅಂತ ನೀವ ಹೇಳಿದ್ರಿ" ಅಂದ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುವಾರ ಪರೇಡಿಗೆ ಬಂದ. ಸಾಲಿನ ಮುಂದೆ ನಿಲ್ಲಿಸಿ, ಬೈದವನು ನಾನೇ, ತಪ್ಪಿದವನೂ ನಾನೇ ಎಂದು ಹೇಳಿದೆ. 'ಬಿ' ಸರ್ಟಿಫಿಕೇಟ್ ಪರೀಕ್ಷೆ ಪಾಸಾದ. ಮುಂದಿನ ಸ್ಪರ್ಧೆಗೆ ಅವನನ್ನೂ ಏಳನೇ ನಂಬರನ್ನೂ ಜೊತೆ ಮಾಡಿ ಕಳಿಸಬೇಕೆಂದಿದ್ದೆ. ಅಷ್ಟರಲ್ಲಿ ಅವನ ತಂದೆ ಹಾಸಿಗೆ ಹಿಡಿದರು. ಜೂನ್‌ನಲ್ಲಿ ಕಾಲೇಜು ಬಿಟ್ಟು ಹೊಲಕ್ಕಿಳಿದ. ಅವನು ಸೈನ್ಯ ಸೇರಬೇಕೆಂದು ಕನಸು ಕಟ್ಟಿದ್ದನೆಂಬುದು ನನಗೆ ತಿಳಿದದ್ದೂ ಆಮೇಲೆಯೇ. ಆ ಜನವರಿಯ ಸ್ಪರ್ಧೆಗೆ ಹೋಗಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ಏನೂ ಆಗದೆಯೂ ಇರಬಹುದು. ಆದರೆ ಅವನ ಪಾಲಿಗೆ ಬಂದಿದ್ದ ಒಂದೇ ಒಂದು ಸರದಿಯನ್ನು ನನ್ನ ತಗಡಿನ ತಟ್ಟೆ ನುಂಗಿತ್ತು.

* * *

ಮೊನ್ನೆ ಮೊನ್ನೆಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹಳ್ಳಿಯ ಹುಡುಗ, ರೈಲ್ವೆಯಲ್ಲಿ ನೌಕರಿ, ಕೈಯಲ್ಲಿದ್ದದ್ದು ಅದೇ ಪಾಯಿಂಟ್ ಟೂ ಟೂ. ಅದಾದ ಕೆಲವು ದಿನಕ್ಕೆ ಸಾಲಹಳ್ಳಿಗೆ ಹೋಗಿದ್ದೆ. ಮಿಲ್ಟ್ರಿ ಅಜ್ಜ ಹೋಗಿ ಎಷ್ಟೋ ವರ್ಷ. ಆ 'ಹುಡುಗ'ನಿಗೆ ಈಗ ತಲೆ ಹಣ್ಣಾಗಿದೆ, ಮೊಮ್ಮಗ ತೊಡೆಯ ಮೇಲಿದ್ದ. ಕಬ್ಬು, ಗೋವಿನಜೋಳದ ನಡುವೆ ಒಂದೆರಡು ಎಕರೆ ಬಿಳಿಜೋಳವನ್ನು ಇನ್ನೂ ಬಿಟ್ಟಿಲ್ಲ. ಮೊಬೈಲಿನಲ್ಲಿ ಕುಸಾಳೆಯ ಸ್ಪರ್ಧೆಯನ್ನು ನನಗೆ ಅವನೇ ತೋರಿಸಿದ.

ನೋಡಿ ಮುಗಿದ ಮೇಲೆ ಕೇಳಿದ: "ಸರ, ಇವಂಗ ಗುಂಡು ಆರಿಸಿ ಕೊಟ್ಟವರು ಯಾರು?"

ಹೇಳಿದೆ. ದೊಡ್ಡ ಸ್ಪರ್ಧೆಗಳಿಗೆ ಹೋಗುವವರು ಈಗ ತಮ್ಮ ರೈಫಲ್ ಹೊತ್ತು ಇಂಗ್ಲೆಂಡು, ಜರ್ಮನಿಯ ಗುಂಡು ತಯಾರಕರ ಪರೀಕ್ಷಾ ಕೇಂದ್ರಗಳಿಗೇ ಹೋಗುತ್ತಾರೆ; ಅಲ್ಲಿ ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಲಾಟಿನ ಮೇಲೆ ಲಾಟು ಹೊಡೆದು ನೋಡುತ್ತಾರೆ; ಯಾವುದು ಒಗ್ಗಿತೋ ಅದೇ ಲಾಟನ್ನು ಸಾವಿರಗಟ್ಟಲೆ ಕೊಂಡು ತರುತ್ತಾರೆ ಎಂದೆ. ಅವನು ಮೊಮ್ಮಗನ ತಲೆ ನೇವರಿಸುತ್ತ, "ಹಂಗಾದ್ರ ಅಜ್ಜ ಹೇಳಿದ್ದ ಖರೇ ಆತು" ಎಂದು ನಕ್ಕ.

1987ರ ನಂತರ ನಿವೃತ್ತನಾಗುವವರೆಗೆ ಎಷ್ಟೋ ಸಲ ಹುಡುಗರನ್ನು ರೇಂಜಿಗೆ ಕರೆದೊಯ್ದೆ. ಎರಡು ಪೆಟ್ಟಿಗೆಗಳನ್ನು ಒಂದು ತಟ್ಟೆಗೆ ಎಂದೂ ಸುರಿಯಲಿಲ್ಲ. ಯಾವ ರೈಫಲ್ಲಿಗೆ ಯಾವ ಲಾಟು ಎಂದು ಬರೆದ ಒಂದು ವಹಿ ಇಟ್ಟಿದ್ದೆ. ಐದು ಗುಂಡು ಮುಗಿಸಿ ಚಾಪೆಯಿಂದ ಎದ್ದ ಹುಡುಗನ ಕಾಗದ ನೋಡುವ ಮೊದಲು ಒಂದು ಪ್ರಶ್ನೆ ಕೇಳುವುದು ನನ್ನ ರೂಢಿಯಾಯಿತು. ಹೊಸ ಹುಡುಗರಿಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದರು.

"ಸಪ್ಪಳ ಹೆಂಗಿತ್ತೋ ತಮ್ಮಾ?"